ಸುಟ್ಟ ಪೈನ್ ಮರದ ದೂರ

ಶೋಟೋ, ಮೊಂಟಾನಾ
ಮೇ 12, 2018

ಲೈಲ್,

ಈ ಕಾಗದ ನೋಡಿದ ಕೂಡಲೇ ಯಾರೋ ಸತ್ತರು ಅಂದುಕೊಳ್ಳಬೇಡ. ಯಾರೂ ಸತ್ತಿಲ್ಲ. ನಮ್ಮ ಕಡೆ ಸಾಯಬೇಕಾದವರೆಲ್ಲ ಆಗಲೇ ಹೋಗಿಯಾಯಿತು. ಉಳಿದಿರುವುದು ನಾನು, ನೀನು, ಕೋವಿ ಅಂಗಡಿಯ ಮರ್ವ್. ಮರ್ವ್ ಸದ್ಯಕ್ಕೆ ಹೋಗುವ ಹಾಗೆ ಕಾಣುವುದಿಲ್ಲ.

ವಿಷಯ ಇಷ್ಟು. ಕೆಟಲ್ ಕಣಿವೆಯಲ್ಲಿ ಗಂಡು ಎಲ್ಕ್ ಜಿಂಕೆ ಹೊಡೆಯುವ ಪರ್ಮಿಟ್ ಈ ಸಲದ ಲಾಟರಿಯಲ್ಲಿ ನನಗೆ ಬಿದ್ದಿದೆ. ಕ್ಲಿಫ್ ಇದ್ದಾಗ ಗಂಡ ಹೆಂಡತಿ ಇಬ್ಬರೂ ವರ್ಷಾ ವರ್ಷಾ ಅರ್ಜಿ ಹಾಕುತ್ತಿದ್ದೆವು, ವರ್ಷಾ ವರ್ಷಾ ಇಲ್ಲ ಅನ್ನಿಸಿಕೊಳ್ಳುತ್ತಿದ್ದೆವು. ಅವನು ಹೋದ ಮೇಲೂ ಅಭ್ಯಾಸ ಬಿಡಲಾರದೆ ಹಾಕಿದೆ. ಈಗ ಬಂದಿದೆ. ಎರಡೂ ಮೊಣಕಾಲಲ್ಲಿ ಮೂಳೆಗೆ ಮೂಳೆ ಉಜ್ಜುತ್ತಿರುವಾಗ, ಕುದುರೆಗಳನ್ನೆಲ್ಲ ಮಾರಿ ಆದ ಮೇಲೆ ಬಂದಿದೆ. ಡಿಸೆಂಬರಿನಲ್ಲಿ ಆಪರೇಷನ್. "ಆಮೇಲೆ ಬೆಟ್ಟ ಹತ್ತೋದು?" ಎಂದು ಡಾಕ್ಟರನ್ನು ಕೇಳಿದೆ. ಆತ ನನ್ನ ಮುಖ ನೋಡುವುದು ಬಿಟ್ಟು ಕಿಟಕಿ ನೋಡಿದ. ಹಾಗಾಗಿ ಕೆಟಲ್ ಕಣಿವೆಯ ಪರ್ಮಿಟ್ ನನಗೆ ಇದೇ ಮೊದಲು, ಇದೇ ಕೊನೆ. ಈ ಗಂಡು ನನಗೆ ಬೇಕು ಲೈಲ್. ಸುಮ್ಮನೆ ಆಸೆಗೆ ಹೇಳುತ್ತಿಲ್ಲ, ನಿಜವಾಗಿ ಬೇಕು.

ನಾನು ಯೋಚನೆ ಮಾಡಿರುವುದು ಹೀಗೆ. ಕಣಿವೆಯ ಅಂಚಿನ ಅಪ್ಪನ ಬಂಡೆಯವರೆಗೆ ಪಿಕಪ್ ಗಾಡಿ ಹೋಗುತ್ತದೆ. ಅಲ್ಲಿಂದ ನಡೆಯುವ ಕೆಲಸವಿಲ್ಲ. ಬಂಡೆಯ ಮೇಲೆ ಮಲಗಿಕೊಂಡು ಎದುರಿನ ಇಳಿಜಾರಿಗೆ ಹೊಡೆಯುವುದು. ಸಂಜೆಯಾದರೆ ಅವು ಆ ಸುಟ್ಟ ಪೈನ್ ಮರದ ಕೆಳಗೆ ಮೇಯಲು ಬರುತ್ತವೆಂದು ನಿನಗೆ ಗೊತ್ತೇ ಇದೆ. ಅಪ್ಪನ ಕೋವಿ ಅಷ್ಟು ದೂರಕ್ಕೆ ಸಾಲದು. ಅಷ್ಟು ದೂರ ಹೋಗಿ, ಹೋದ ಮೇಲೂ ಎಲ್ಕನ್ನು ಕೆಡವುವಷ್ಟು ಶಕ್ತಿ ಉಳಿಸಿಕೊಳ್ಳುವ ತೋಟಾ ಯಾವುದು? ಮರ್ವ್‌ನನ್ನು ಕೇಳಿದರೆ ಅವನ ಅಂಗಡಿಯಲ್ಲಿ ಧೂಳು ತಿನ್ನುತ್ತಿರುವುದೇ ಒಳ್ಳೆಯದು ಅನ್ನುತ್ತಾನೆ.

ದೂರದಿಂದ ಹೊಡೆಯುವವನು ಬೇಟೆಗಾರನಲ್ಲ, ಗುಂಡನ್ನು ಅಂಚೆಗೆ ಹಾಕುವವನು ಎಂದು ನಿನ್ನನ್ನು ಅಂದವಳು ನಾನೇ. ನೆನಪಿದೆ. ನಗಬೇಕೆಂದಿದ್ದರೆ ನಕ್ಕು ಮುಗಿಸಿ ಉತ್ತರ ಬರಿ.

ಫೋನ್ ಮಾಡಬೇಡ. ನನಗೆ ಫೋನಿನಲ್ಲಿ ಏನೂ ಕೇಳಿಸುವುದಿಲ್ಲ.

ನಿನ್ನ ಅಕ್ಕ,
ಆರ್ಡಿಸ್


ಯೂಮಾ, ಅರಿಜೋನಾ
ಜೂನ್ 3, 2018

ಆರ್ಡಿ,

ನಿನ್ನ ಕಾಗದವನ್ನು ಒಂದು ಸಲ ನೀನೇ ಬರೆದದ್ದೋ ಎಂದು ಓದಿದೆ, ಇನ್ನೊಂದು ಸಲ ಬೈಗುಳ ಎಲ್ಲಿ ಬಚ್ಚಿಟ್ಟಿದ್ದೀಯ ಎಂದು ಹುಡುಕುತ್ತಾ ಓದಿದೆ. ಆಮೇಲೆ ವಿಷಯಕ್ಕೆ ಬಂದೆ. ನಗಲಿಲ್ಲ. ಸ್ವಲ್ಪ ನಕ್ಕೆ.

ಅಪ್ಪನ ಬಂಡೆಯಿಂದ ಸುಟ್ಟ ಪೈನ್ ಮರಕ್ಕೆ ಆರುನೂರ ಹನ್ನೆರಡು ಗಜ. ಜೀವನವಿಡೀ ಸರ್ವೆ ಮಾಡಿದವನು ನಾನು. ಯಾರ ಯಾರದೋ ಹೊಲದ ಅಳತೆ ಮರೆತುಹೋಗಿದೆ, ಇದು ಮರೆತಿಲ್ಲ. ಯಾಕೆಂದು ನಿನಗೂ ಗೊತ್ತು, ಆ ಮಾತು ಈಗ ಬೇಡ.

ಇನ್ನು ತೋಟಾ. ಹೆಸರು ನೋಡಿ ಮರುಳಾಗಬೇಡ. ಪೆಟ್ಟಿಗೆಯ ಮೇಲೆ ಬರೆದಿರುವ ವೇಗ ನೋಡಿಯೂ ಮರುಳಾಗಬೇಡ. ಆ ವೇಗ ನಳಿಗೆಯ ಬಾಯಿಯದು, ಎಲ್ಕ್ ನಿಂತಿರುವುದು ನಳಿಗೆಯ ಬಾಯಲ್ಲಲ್ಲ. ನೋಡಬೇಕಾದದ್ದು ಗುಂಡನ್ನು. ಉದ್ದವಾಗಿ, ತೆಳ್ಳಗೆ, ಭಾರವಾಗಿರಬೇಕು. ಅಂಥದ್ದು ಗಾಳಿಗೆ ಕಡಿಮೆ ಬಗ್ಗುತ್ತದೆ, ಅಲ್ಲಿ ತಲುಪುವಾಗಲೂ ಮೈಯಲ್ಲಿ ಕಸುವು ಇರುತ್ತದೆ. ಅಪ್ಪನ ತರ್ಟಿ-ಆಟ್-ಸಿಕ್ಸ್ ಒಳ್ಳೆಯ ತೋಟಾ, ನಮ್ಮನ್ನೆಲ್ಲ ಸಾಕಿದ ತೋಟಾ. ಮುನ್ನೂರು ಗಜದವರೆಗೆ ಅದರ ಮೇಲೆ ಒಂದು ಮಾತು ಆಡುವ ಹಾಗಿಲ್ಲ. ಆದರೆ ಆರುನೂರು ಗಜ ಹೋಗುವಷ್ಟರಲ್ಲಿ ಅದರ ಗುಂಡು ಒಂದಾಳಿಗಿಂತ ಹೆಚ್ಚು ಕೆಳಗೆ ಇಳಿದಿರುತ್ತದೆ, ದಣಿದಿರುತ್ತದೆ. ಏಳು ಮಿಲಿಮೀಟರ್ ಮ್ಯಾಗ್ನಮ್ ಚೆನ್ನಾಗಿ ಹಾರುತ್ತದೆ, ಭುಜಕ್ಕೂ ಅಷ್ಟು ಕಷ್ಟವಿಲ್ಲ. ಆದರೂ ನಿಮ್ಮ ಕಡೆಯ ಗಾಳಿ, ಎಲ್ಕಿನ ಗಾತ್ರ ಎರಡನ್ನೂ ನೆನೆದರೆ ನನ್ನ ಓಟು ಮುನ್ನೂರು ಮ್ಯಾಗ್ನಮ್ ಎಂಬ ತೋಟಾಕ್ಕೆ. ಇನ್ನೂರು ಗ್ರೇನ್ ತೂಕದ ಗುಂಡು.

ಒದೆತ ಜಾಸ್ತಿ, ಅದಕ್ಕೂ ಉಪಾಯವಿದೆ. ನಳಿಗೆಯ ತುದಿಗೆ ಬ್ರೇಕ್ ತಿರುಗಿಸಿ ಹಾಕಿದರೆ ಹೊಗೆಯೆಲ್ಲ ಪಕ್ಕದ ತೂತುಗಳಿಂದ ಹೋಗುತ್ತದೆ. ಒದೆತ ಅರ್ಧಕ್ಕರ್ಧ ಇಳಿಯುತ್ತದೆ.

ನೀನು ಕೊಂಡುಕೊಳ್ಳಬೇಡ. ನನ್ನ ಹತ್ತಿರ ಇರುವುದನ್ನೇ ಮರ್ವ್‌ನ ಅಂಗಡಿಗೆ ಕಳಿಸುತ್ತೇನೆ, ಅವನ ಲೈಸೆನ್ಸಿನ ಮೇಲೆ ಬಂದರೆ ತಂಟೆಯಿಲ್ಲ. ದುರ್ಬೀನು ಕೂರಿಸಿದ್ದೇನೆ. ಮೇಲಿನ ಗುಂಡಿ ತಿರುಗಿಸಿ ದೂರ ಇಡುವುದು, ಅಷ್ಟೇ. ಗಾಳಿಯ ಲೆಕ್ಕ ಬೇರೆ ಹಾಳೆಯಲ್ಲಿ ಬರೆದಿದ್ದೇನೆ.

ಕ್ಲಿಫ್‌ನ ಮಣ್ಣಿಗೆ ಬರಲಾಗಲಿಲ್ಲ. ಹೂವು ತಲುಪಿತ್ತು ಅಂದುಕೊಂಡಿದ್ದೇನೆ.

ಲೈಲ್


ಶೋಟೋ
ಜೂನ್ 24, 2018

ಲೈಲ್,

ಹೂವು ತಲುಪಿತ್ತು. ಚೆನ್ನಾಗಿತ್ತು. ಹೂವಿನ ಜೊತೆ ಮಾತಾಡಲಿಕ್ಕಾಗಲಿಲ್ಲ, ಅದೊಂದೇ ಕೊರತೆ.

ಕೋವಿ ಬಂತು. ಮರ್ವ್ ಪೆಟ್ಟಿಗೆ ಬಿಚ್ಚಿದವನೇ ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ, ಅಂದರೆ ನನಗೂ ಕೇಳುವ ಹಾಗೆ ಕೂಗಿದ.

"ಏನೇ ಆರ್ಡಿಸ್, ಇದು ಕೋವೀನಾ, ನೀರಿನ ಪೈಪಾ? ನಿನ್ ತಮ್ಮ ಎಲ್ಕ್ ಹೊಡೀತಾನಾ, ಇಲ್ಲಾ ಪಕ್ಕದ ಜಿಲ್ಲೆಗೆ ಹೊಡೀತಾನಾ?"

"ನೀನು ತೋಟಾ ಕೊಡು. ಜಿಲ್ಲೆ ನಾನ್ ಆರಿಸ್ಕೋತೀನಿ."

"ನಿನ್ ಭುಜಕ್ಕೆ ಇದು ತಡ್ಯಲ್ಲ ಕಣೇ. ಅರವತ್ತೊಂಬತ್ತು ವರ್ಷದ ಹೆಂಗಸು ನೀನು."

"ನನ್ ವಯಸ್ಸು ಕೇಳಿದ್ರೆ ಮಾತ್ರ ಹೇಳು ಮರ್ವ್. ಈಗ ಯಾರೂ ಕೇಳಲಿಲ್ಲ."

ಜಲ್ಲಿ ತೆಗೆಯುವ ಹಳ್ಳಕ್ಕೆ ಹೋಗಿ ಕಬ್ಬಿಣದ ತಟ್ಟೆ ನಿಲ್ಲಿಸಿ ಹೊಡೆದು ನೋಡಿದೆ. ಐನೂರು ಗಜಕ್ಕೆ ನನಗೆ ಯೋಚನೆಯೇ ಇಲ್ಲ. ಆರುನೂರಕ್ಕೂ ಗಾಳಿ ಸುಮ್ಮನಿದ್ದರೆ ಬೀಳುತ್ತದೆ. ತಟ್ಟೆಯ ಠಣ್ ಶಬ್ದ ನನಗೆ ಕೇಳಿಸದು, ಅದು ಓಲಾಡುವುದು ದುರ್ಬೀನಿನಲ್ಲಿ ಕಾಣುತ್ತದೆ. ಒಳ್ಳೆಯ ಕೋವಿ ಲೈಲ್. ಹೊಟ್ಟೆಕಿಚ್ಚಿಲ್ಲದೆ ಹೇಳುತ್ತಿದ್ದೇನೆ.

ಆದರೆ ನಿನ್ನ ಬ್ರೇಕನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅದು ನನಗೆ ಬೇಡ. ಭುಜ ನೇರಳೆ ಬಣ್ಣಕ್ಕೆ ತಿರುಗಿದೆ, ಆದರೂ ಬೇಡ.

ಕಾರಣ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ, ಪರ್ಮಿಟ್ ನಿನಗೆ ಬಿದ್ದ ವರ್ಷ, ಆ ಸಂಜೆ ನೀನು ಅಪ್ಪನ ಬಂಡೆಯ ಮೇಲೆ ಮಲಗಿದ್ದೆ. ನಾನು ನಿನ್ನ ಬಲಕ್ಕೆ ಮಲಗಿ ಎದುರಿನ ಗಂಡು ಎಲ್ಕನ್ನು ನೋಡುತ್ತಿದ್ದೆ. ನೀನು ಕಿವಿ ಮುಚ್ಚಿಕೊಂಡಿದ್ದೆ. ನಾನು ಮುಚ್ಚಿಕೊಂಡಿರಲಿಲ್ಲ, ಯಾಕೆಂದರೆ ಅಷ್ಟು ದೂರಕ್ಕೆ, ಅಷ್ಟು ಕತ್ತಲಾಗುವಾಗ ನೀನು ಹೊಡೆಯುತ್ತೀಯೆಂದು ನನಗೆ ಅನ್ನಿಸಿಯೇ ಇರಲಿಲ್ಲ. ಬ್ರೇಕಿನ ಪಕ್ಕದ ತೂತು ನೇರ ನನ್ನ ಕಡೆಗಿತ್ತು, ಸಿಡಿದ ಸದ್ದೆಲ್ಲ ನನ್ನ ಕಿವಿಗೇ ಬಂತು. ಅವತ್ತಿನಿಂದ ಎಡಗಿವಿಯಲ್ಲಿ ಜೀರುಂಡೆ ಕೂತಿದೆ, ಎದ್ದು ಹೋಗಿಲ್ಲ. ಬಲಗಿವಿ ವಯಸ್ಸಿಗೆ ತಕ್ಕ ಹಾಗೆ ಮಂದವಾಗಿದೆ. ನನಗೆ ಉಳಿದಿರುವುದು ಒಂದು ಕಿವಿ, ಅದೂ ಪೂರ್ತಿಯಲ್ಲ.

ಗಂಡು ಬಿತ್ತು. ನಾವು ತೊರೆ ದಾಟುವಷ್ಟರಲ್ಲಿ ಕತ್ತಲಾಗಿ ಹಿಂದಿರುಗಿದೆವು. ಬೆಳಿಗ್ಗೆ ಹೋದರೆ ಅದರ ಮೇಲೆ ಕರಡಿ ಕೂತಿತ್ತು. ಒಂದು ತುಂಡು ಮಾಂಸ ಮನೆಗೆ ಬರಲಿಲ್ಲ. ಆ ವರ್ಷ ಅಮ್ಮನ ಬಾಣಲೆಯಲ್ಲಿ ಎಂದಿನಂತೆ ಎಲ್ಕಿನ ಹೃದಯ ಬೇಯಲಿಲ್ಲ. ಮನೆಗೆ ಬಂದು ನಾವಿಬ್ಬರೂ ಜಗಳ ಆಡಿದೆವಲ್ಲ, ಅದರಲ್ಲಿ ನೀನಂದ ಅರ್ಧ ಮಾತು ನನಗೆ ಕೇಳಿಸಿಯೇ ಇಲ್ಲ. ಕೇಳಿಸಿದ ಅರ್ಧವೇ ಹನ್ನೊಂದು ವರ್ಷಕ್ಕೆ ಸಾಕಾಯಿತು.

ಇದನ್ನು ನಾನು ಹೇಳಲಿಲ್ಲ, ನೀನೂ ಕೇಳಲಿಲ್ಲ. ಈಗ ಬ್ರೇಕಿನ ಮಾತು ಬಂತು, ಅದಕ್ಕೆ ಹೇಳಿದೆ.

ಆರ್ಡಿಸ್


ಯೂಮಾ
ಆಗಸ್ಟ್ 19, 2018

ಆರ್ಡಿ,

ತಡವಾಯಿತು. ಬರೆಯಲಿಲ್ಲ ಎಂದಲ್ಲ, ಬರೆದು ಬರೆದು ಹರಿದೆ.

ಕ್ಷಮಿಸು ಎಂದು ಬರೆದರೆ ಸಾಲದು, ಬರೆಯದಿದ್ದರೆ ಇನ್ನೂ ಕೆಟ್ಟದ್ದು. ಕ್ಷಮಿಸು ಆರ್ಡಿ. ನಿನಗೆ ಕೇಳಿಸುವುದಿಲ್ಲ ಅಂದಾಗ ವಯಸ್ಸು ಅಂದುಕೊಂಡೆ. ನಾನು ಮಾಡಿದ ಕ್ರಿಸ್ಮಸ್ ಫೋನುಗಳನ್ನು ನೀನು ಎತ್ತದಿದ್ದಾಗ ಸಿಟ್ಟು ಅಂದುಕೊಂಡೆ. ಎರಡು ವರ್ಷ ಮಾಡಿ, ಇವಳಿಗೆ ನಾನು ಬೇಡವಾದೆ ಎಂದು ಬಿಟ್ಟುಬಿಟ್ಟೆ. ಫೋನು ಅಲ್ಲಿ ಹೊಡೆದುಕೊಳ್ಳುತ್ತಿದ್ದರೆ ನೀನು ಅಡುಗೆಮನೆಯಲ್ಲಿ ಅದು ಗೊತ್ತೇ ಇಲ್ಲದೆ ಇದ್ದೆ ಎಂದು ಈಗ ಯೋಚಿಸುತ್ತೇನೆ. ಆ ಯೋಚನೆ ನನಗೆ ಬಹಳ ಕಷ್ಟ ಕೊಡುತ್ತಿದೆ.

ನನ್ನ ಕೋವಿಗಳಲ್ಲಿದ್ದ ಬ್ರೇಕುಗಳನ್ನೆಲ್ಲ ಬಿಚ್ಚಿದೆ. ಕ್ಲಬ್ಬಿನಲ್ಲಿ ಒಬ್ಬ, "ಏನಯ್ಯಾ ಲೈಲ್, ಧರ್ಮ ಬದಲಾಯಿಸಿದ್ಯಾ?" ಅಂದ. ಹೌದು ಅಂದೆ.

ಈಗ ನಿನ್ನ ಭುಜದ ವಿಷಯ. ಬ್ರೇಕ್ ಇಲ್ಲದ ಮುನ್ನೂರು ಮ್ಯಾಗ್ನಮ್ ಒದ್ದರೆ ಹೊತ್ತು ಹೋಗುತ್ತಾ ಹೋಗುತ್ತಾ ನೀನು ಗುರಿಗಿಂತ ಒದೆತಕ್ಕೇ ಕಾಯಲು ಶುರು ಮಾಡುತ್ತೀಯ. ಎಂಥವರೂ ಅಷ್ಟೇ. ಕೋವಿಯ ಕುದುರೆ ಎಳೆಯುವ ಮುಂಚೆಯೇ ಮೈ ಬಿಗಿಯುತ್ತದೆ, ಕಣ್ಣು ಮುಚ್ಚುತ್ತದೆ. ಅದಕ್ಕೆ ಕೆಳಗಿಳಿಯೋಣ. ಆರೂವರೆ ಮಿಲಿಮೀಟರಿನ ಹೊಸ ತೋಟಾಗಳಿವೆ. ಗುಂಡು ಸಣ್ಣದು, ಆದರೆ ಉದ್ದ. ಒದೆತ ತೀರ ಕಡಿಮೆ, ದೂರಕ್ಕೆ ನೇರ ಹೋಗುತ್ತದೆ. ಎಲ್ಕಿಗೆ ಆರುನೂರು ಗಜದಲ್ಲಿ ಅದು ಅಂಚಿನ ಮಾತು, ನಾನು ಸುಳ್ಳು ಹೇಳುವುದಿಲ್ಲ. ಮುಂಗಾಲಿನ ಹಿಂದೆ ಸರಿಯಾಗಿ ಬಿದ್ದರೆ ಸಾಕು, ಒಂದು ಗೇಣು ತಪ್ಪಿದರೆ ಸಾಲದು. ಗುಂಡು ಅಲ್ಲಿಗೆ ತಲುಪುವುದರೊಳಗೆ ಎಲ್ಕ್ ಒಂದು ಹೆಜ್ಜೆ ಇಟ್ಟುಬಿಡಬಹುದು, ಅದನ್ನೂ ಮರೆಯಬೇಡ.

ಬೇಕಾದರೆ ಹೇಳು, ಅದನ್ನೂ ಕಳಿಸುತ್ತೇನೆ.

ಲೈಲ್


ಶೋಟೋ
ಸೆಪ್ಟೆಂಬರ್ 9, 2018

ಲೈಲ್,

ನಿನ್ನ ಕಾಗದದ ಮೊದಲ ಅರ್ಧ ಓದಿ ಸ್ವಲ್ಪ ಹೊತ್ತು ಅತ್ತೆ. ಅಷ್ಟೇ, ಅದು ಮುಗಿಯಿತು. ಇನ್ನು ಆ ಮಾತು ಬೇಡ.

ಆರೂವರೆಯ ಸುದ್ದಿ ಮರ್ವ್‌ಗೆ ಹೇಳಿ ನಾನು ಕೆಟ್ಟೆ.

"ಆರೂವರೇನಾ? ಅದು ಜುಟ್ಟು ಕಟ್ಕೊಂಡ ಹುಡುಗರದ್ದು ಕಣೇ! ಅದನ್ನ ಹೊಡೆದ್ರೆ ಎಲ್ಕ್ ಸಾಯಲ್ಲ, ನಾಚ್ಕೋತದೆ."

"ನಿನ್ ಹತ್ರ ಅದರ ಪೆಟ್ಟಿಗೆ ಎಷ್ಟಿದೆ?"

"ಇಲ್ಲ. ಎಲ್ಲಾ ಖರ್ಚಾಗಿದೆ."

"ಯಾರು ತಗೊಂಡ್ರು?"

"ಎಲ್ರೂ," ಅಂದ. ಅವನ ಮುಖ ನೀನು ನೋಡಬೇಕಿತ್ತು.

ಆದರೆ ಅದನ್ನೂ ಕಳಿಸಬೇಡ. ಮೊನ್ನೆ ಥರ್ಮಾಸಿನಲ್ಲಿ ಕಾಫಿ ತುಂಬಿಕೊಂಡು ಅಪ್ಪನ ಬಂಡೆಗೆ ಹೋಗಿದ್ದೆ. ಆಸ್ಪೆನ್ ಮರದ ಎಲೆ ಹಳದಿಯಾಗುತ್ತಿದೆ. ಎದುರಿಗೆ ಸುಟ್ಟ ಪೈನ್ ಮರ ಹಾಗೇ ನಿಂತಿದೆ, ಒಂದು ಕೊಂಬೆ ಮಾತ್ರ ಬಿದ್ದಿದೆ. ಹೊಟ್ಟೆಯ ಮೇಲೆ ಮಲಗಿ, ದುರ್ಬೀನಿನ ಗುಂಡಿ ತಿರುಗಿಸಿ, ಅದರ ಬುಡಕ್ಕೆ ಗುರಿಯಿಟ್ಟೆ. ಉಸಿರು ಬಿಟ್ಟೆ. ಖಾಲಿ ಕೋವಿಯ ಕುದುರೆ ಎಳೆದೆ. ಗಂಡು ಬಿತ್ತು ಅಂದುಕೊಂಡೆ. ಒಳ್ಳೆಯದು. ಆಮೇಲೆ?

ಆಮೇಲೆ ನಾನು ಅಲ್ಲಿಗೆ ಹೋಗಬೇಕಲ್ಲ, ಲೈಲ್!

ಕೆಳಗೆ ಇಳಿಯಬೇಕು, ತೊರೆ ದಾಟಬೇಕು, ಆಚೆ ಹತ್ತಬೇಕು. ಅಲ್ಲಿ ಅದನ್ನು ಬಿಡಿಸಿ, ತೊಡೆ ಒಂದೊಂದನ್ನೇ ಬೆನ್ನಿಗೆ ಕಟ್ಟಿಕೊಂಡು ಇಳಿದು ಹತ್ತಬೇಕು. ಮತ್ತೆ ಹೋಗಬೇಕು, ಮತ್ತೆ ಬರಬೇಕು. ನನಗೆ ಚರ್ಚಿನ ಮೆಟ್ಟಿಲೇ ದಂಡ. ಮೊಣಕಾಲು ಆಗುವುದಿಲ್ಲ ಎಂದು ದೂರದ ತೋಟಾ ಹುಡುಕಿದೆವು. ಗುಂಡು ದೂರ ಹೋದಷ್ಟೂ ಮೊಣಕಾಲಿಗೇ ಕೆಲಸ ಜಾಸ್ತಿ ಎಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನೀನು ಗಾಳಿಗೆ ಲೆಕ್ಕ ಹಾಕಿದೆ, ಒದೆತಕ್ಕೆ ಲೆಕ್ಕ ಹಾಕಿದೆ, ಎಲ್ಕಿನ ಒಂದು ಹೆಜ್ಜೆಗೂ ಲೆಕ್ಕ ಹಾಕಿದೆ. ನನ್ನ ಹೆಜ್ಜೆಗೆ ಯಾರೂ ಹಾಕಲಿಲ್ಲ. ಬಂಡೆಯ ಮೇಲೆ ಒಬ್ಬಳೇ ಕೂತು ಕಾಫಿ ಚೆಲ್ಲುವಷ್ಟು ನಕ್ಕೆ. ಅದೇ ಕರಡಿಯ ಮೊಮ್ಮಗಳಿಗೆ ಊಟ ಹಾಕಲು ಹೊರಟಿದ್ದೆ ನಾನು.

ನಕ್ಕಾದ ಮೇಲೆ ಬೇಜಾರಾಯಿತು. ಈ ಪರ್ಮಿಟ್ ನನಗೆ ಎಷ್ಟು ಬೇಕಿತ್ತು ಎಂದು ಆಗ ಗೊತ್ತಾಯಿತು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಅಲ್ಲೇ ಇರಲಿ. ನಿನ್ನ ಕೋವಿಯನ್ನು ಮರ್ವ್‌ನ ಕೈಯಲ್ಲಿ ವಾಪಸ್ ಕಳಿಸುತ್ತೇನೆ. ಒರೆಸಿ ಎಣ್ಣೆ ಹಚ್ಚಿದ್ದೇನೆ.

ಆರ್ಡಿಸ್


ಯೂಮಾ
ಸೆಪ್ಟೆಂಬರ್ 20, 2018

ಆರ್ಡಿ,

ಕೋವಿ ಕಳಿಸಬೇಡ.

ನನ್ನ ಎರಡೂ ಮೊಣಕಾಲು ಚೆನ್ನಾಗಿವೆ. ಇಲ್ಲಿ ಬೆಳಿಗ್ಗೆ ಎದ್ದು ಮರಳಿನಲ್ಲಿ ನಡೆಯುತ್ತೇನೆ, ಬೇರೆ ಕೆಲಸವಿಲ್ಲ. ಹೊರುವ ಚೌಕಟ್ಟೊಂದು ತಂದಿದ್ದೇನೆ, ಅದಕ್ಕೆ ಮರಳಿನ ಮೂಟೆ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಅಕ್ಕಪಕ್ಕದವರು ಪರದೆ ಸರಿಸಿ ನೋಡುತ್ತಾರೆ.

ಹೊರ ರಾಜ್ಯದವನಾದ್ದರಿಂದ ಈಗ ನನಗೆ ಬೇಟೆಯ ಲೈಸೆನ್ಸ್ ಸಿಗುವುದಿಲ್ಲ. ಬೇಕಾಗಿಯೂ ಇಲ್ಲ. ನಾನು ಹೊಡೆಯಲು ಬರುತ್ತಿಲ್ಲ, ಹೊರಲು ಬರುತ್ತಿದ್ದೇನೆ. ನೀನು ಎಲ್ಲಿಗೆ ಹೊಡೆಯುತ್ತೀಯೋ ಅಲ್ಲಿಗೆ ನಾನು ಹೋಗುತ್ತೇನೆ.

ಬರಬಹುದು ತಾನೆ? ನೀನು ಕರೆದಿಲ್ಲ ಎಂದು ಗೊತ್ತಿದೆ. ಹಿಂದಿನ ಜಗುಲಿಯಲ್ಲಿ ಆ ಕಬ್ಬಿಣದ ಮಂಚ ಇನ್ನೂ ಇದೆಯೇ?

ಲೈಲ್


ಶೋಟೋ
ಅಕ್ಟೋಬರ್ 1, 2018

ಲೈಲ್,

ಮಂಚ ಇದೆ. ಒಂದು ಕಾಲು ಕುಂಟುತ್ತದೆ, ಈ ಮನೆಯಲ್ಲಿ ಅದೇನು ಹೊಸದಲ್ಲ.

ಕರೆದಿಲ್ಲ ಅನ್ನುತ್ತೀಯಲ್ಲ, ಮೇ ತಿಂಗಳಿಂದ ನಾನು ಮತ್ತೇನು ಮಾಡುತ್ತಿದ್ದೇನೆ ಅಂದುಕೊಂಡೆ? ತೋಟಾ ಯಾವುದೆಂದು ಕೇಳಲು ಈ ಊರಲ್ಲಿ ಜನ ಇಲ್ಲವೇ? ಬಾ.

ಉಣ್ಣೆಯ ಬಟ್ಟೆಯೇ ತಾ, ಹತ್ತಿಯದು ತಂದರೆ ಸಾಯುತ್ತೀಯ. ನೀನು ಮರಳುಗಾಡಿನಲ್ಲಿ ರಕ್ತ ತೆಳ್ಳಗೆ ಮಾಡಿಕೊಂಡವನು. ಅಪ್ಪನ ಕಿತ್ತಳೆ ಬಣ್ಣದ ಬೇಟೆಯ ಅಂಗಿ ನಿನಗಾಗುತ್ತದೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಹೊರುವ ಕಾಲು ಬಂತೆಂದ ಮೇಲೆ ಸುಟ್ಟ ಮರ ಮತ್ತೆ ನನ್ನದಾಯಿತು. ಬಂಡೆಯ ಮೇಲೆ ನಿನ್ನ ಮ್ಯಾಗ್ನಮ್, ಕೆಳಗೆ ಇಳಿದರೆ ಅಪ್ಪನದು. ಎರಡನ್ನೂ ತರುತ್ತೇನೆ. ಪರ್ಮಿಟ್ ನನ್ನದು, ನಿರ್ಧಾರವೂ ನನ್ನದು. ದೂರ ಅಳೆಯುವ ಯಂತ್ರ ನಿನ್ನ ಕೈಯಲ್ಲಿರಲಿ, ನನಗೆ ಆ ಸಣ್ಣ ಅಂಕಿಗಳು ಕಾಣುವುದಿಲ್ಲ.

ನನ್ನ ಬಲಕ್ಕೆ ಮಲಗು. ಒಳ್ಳೆಯ ಕಿವಿ ಆ ಕಡೆ ಇದೆ.

ಈರುಳ್ಳಿ ತಂದಿಟ್ಟಿದ್ದೇನೆ. ಹೃದಯ ಹುರಿಯುವ ಕಾಲ ಬಂದರೆ ಈರುಳ್ಳಿ ಇಲ್ಲ ಅನ್ನಿಸಿಕೊಳ್ಳಬಾರದು.

ಆರ್ಡಿಸ್


ಯೂಮಾ
ನವೆಂಬರ್ 18, 2018

ಆರ್ಡಿ,

ಕ್ಷೇಮವಾಗಿ ತಲುಪಿದೆ. ಇಲ್ಲಿ ಇನ್ನೂ ಜನ ತೋಳಿಲ್ಲದ ಅಂಗಿಯಲ್ಲಿದ್ದಾರೆ. ನನ್ನ ಬೆನ್ನು ಹಿಡಿದಿದೆ, ಎರಡು ಕಾಲ್ಬೆರಳಿನ ಉಗುರು ಕಪ್ಪಾಗಿದೆ. ಯಾರಾದರೂ ಕೇಳಲಿ ಎಂದು ಬೇಕೆಂದೇ ಕುಂಟುತ್ತಾ ಓಡಾಡುತ್ತಿದ್ದೇನೆ. ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ.

ಕಣ್ಣು ಮುಚ್ಚಿದರೆ ಆ ಬೆಳಗೇ ಬರುತ್ತದೆ. ಹಿಂದಿನ ಸಂಜೆಯದು ಬಿಡು, ಅದು ಆಗದ ಮಾತಾಗಿತ್ತು. ಬೆಳಿಗ್ಗೆ ನೀನು ದನದ ಹಾದಿಯಲ್ಲಿ ನನ್ನ ಭುಜ ಹಿಡಿದು ಅಡ್ಡಡ್ಡ ಹೆಜ್ಜೆ ಹಾಕಿ ಇಳಿದದ್ದು, ಪ್ರತಿ ಹೆಜ್ಜೆಗೂ ಕ್ರಿಸ್ತನ ಹೆಸರು ಹೇಳಿದ್ದು, ಅದು ಪ್ರಾರ್ಥನೆಯಲ್ಲದಿದ್ದದ್ದು. ತೊರೆಯ ಈಚೆ ದಡದಲ್ಲಿ ಆ ಗಂಡು ಎಲ್ಕ್ ನೀರಿನಿಂದ ತಲೆಯೆತ್ತಿ ನಿಂತದ್ದು. ಮೂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ನೂರ ನಲವತ್ತು ಗಜ" ಅಂದೆ ನಾನು. "ಅಳೀಬೇಡ, ಕಾಣ್ತದೆ" ಅಂದೆ ನೀನು. ಅಪ್ಪನ ಕೋವಿ ಒಂದೇ ಸಲ ಮಾತಾಡಿತು. ಅವನು ನಾಲ್ಕು ಹೆಜ್ಜೆ ನಡೆದು ಮಲಗಿದ. ನೀನು ಅವನ ಪಕ್ಕ ಕೂತು ಕೊರಳಿನ ಮೇಲೆ ಕೈಯಿಟ್ಟೆ. ನಾನು ಹ್ಯಾಟು ತೆಗೆದೆ.

ಮಾಂಸವೆಲ್ಲ ಹೋದ ಮೇಲೇ ಕೊಂಬು ಎಂಬ ಅಪ್ಪನ ಕಟ್ಟಳೆಯಂತೆ ಕೊಂಬನ್ನು ಕೊನೆಯ ಹೊರೆಗೆ ಬಿಟ್ಟೆ. ಮೇಲೆ ಬಂದಾಗಲೆಲ್ಲ ನೀನು ಪಿಕಪ್ಪಿನ ಹಿಂಬಾಗಿಲ ಮೇಲೆ ಕೂತು ಕಾಫಿ ಚಾಚುತ್ತಿದ್ದೆ. "ಇಷ್ಟೇನಾ ತಂದದ್ದು?" ಅನ್ನುತ್ತಿದ್ದೆ. ಹೊತ್ತವನಿಗೆ ಹೃದಯದ ಮೊದಲ ತುಂಡು ಎಂದು ಬಾಣಲೆಯಿಂದಲೇ ಎತ್ತಿ ನನ್ನ ತಟ್ಟೆಗೆ ಹಾಕಿದೆಯಲ್ಲ, ಬೆಣ್ಣೆ ಹಚ್ಚಿದ ಲೆಫ್ಸೆ ರೊಟ್ಟಿಯಲ್ಲಿ ಸುತ್ತಿ, ಆಗ ನಾನು ಮುಖ ಆ ಕಡೆ ತಿರುಗಿಸಿದೆ. ಬಿಸಿ ಇತ್ತು ಅಂದೆ. ಬಿಸಿ ಇರಲಿಲ್ಲ.

ಮೊಣಕಾಲಿನ ಸುದ್ದಿ ಬರಿ.

ಲೈಲ್


ಶೋಟೋ
ಡಿಸೆಂಬರ್ 2, 2018

ಲೈಲ್,

ಮುಂದಿನ ವಾರ ಆಸ್ಪತ್ರೆಗೆ ಸೇರುತ್ತೇನೆ. ಮರ್ವ್ ಕರೆದುಕೊಂಡು ಹೋಗುತ್ತಾನೆ. ಅದಕ್ಕೆ ಅವನಿಗೆ ಸಾಸೇಜ್ ಕೊಟ್ಟಾಯಿತು, ಇನ್ನೂ ಬೇಕು ಅನ್ನುತ್ತಿದ್ದಾನೆ. ಮಾಂಸದಿಂದ ಫ್ರೀಜರ್ ತುಂಬಿದೆ. ಕೊಂಬನ್ನು ಹಿಂದಿನ ಜಗುಲಿಯಲ್ಲಿ ನಿನ್ನ ಮಂಚದ ತಲೆಗೆ ಸರಿಯಾಗಿ ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದೇನೆ. ಏಳುವಾಗ ನೋಡಿಕೊಂಡು ಏಳು.

ಹಿಂದಿನ ಸಂಜೆಯದು ಬಿಡು ಎಂದು ಬರೆದಿದ್ದೀಯ. ಬಿಡುವುದಿಲ್ಲ.

ಆ ಗಂಡು ಮರಗಳಿಂದ ಹೊರಬಂದು ಸುಟ್ಟ ಪೈನ್ ಮರದ ಬುಡದಲ್ಲಿ ಅಡ್ಡಕ್ಕೆ ನಿಂತ. ನಾನು ನಿನ್ನ ಮ್ಯಾಗ್ನಮ್‌ನ ಹಿಂದೆ ಮಲಗಿದ್ದೆ. ಹುಲ್ಲು ಅಲುಗುತ್ತಿರಲಿಲ್ಲ. ಅಂಥ ಗಾಳಿಯಿಲ್ಲದ ಸಂಜೆ ಈ ಕಡೆ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ನನ್ನ ಕೈ ನಡುಗುತ್ತಿರಲಿಲ್ಲ. ಹೊಡೆದಿದ್ದರೆ ಬೀಳುತ್ತಿದ್ದ, ನನಗೆ ಅನುಮಾನವೇ ಇಲ್ಲ.

"ಎಷ್ಟು?" ಅಂದೆ.

ನೀನು ಯಂತ್ರ ಕಣ್ಣಿಗೆ ಹಿಡಿದೆ. ತಕ್ಷಣ ಹೇಳಲಿಲ್ಲ. ಆಮೇಲೆ ನನ್ನ ಒಳ್ಳೆಯ ಕಿವಿಯ ಹತ್ತಿರ ಬಂದು ಹೇಳಿದೆ.

"ಎಂಟುನೂರ ನಲವತ್ತು. ಆಗಲ್ಲ ಆರ್ಡಿ."

ಆ ಮರ ನಿನಗೆ ಆರುನೂರ ಹನ್ನೆರಡು ಗಜ. ಹನ್ನೊಂದು ವರ್ಷದಿಂದ ಅದೇ ಅಂಕಿ. ಜೂನ್ ತಿಂಗಳಲ್ಲಿ ಮತ್ತೆ ನಿನ್ನ ಕೈಯಾರೆ ಬರೆದು ಕಳಿಸಿದ್ದೀಯ. ಎಷ್ಟೋ ಜನರ ಬೇಲಿಯನ್ನು ಅಂಗುಲ ತಪ್ಪದೆ ಅಳೆದ ಮನುಷ್ಯ ನೀನು. ಮರಕ್ಕೇನು ಕಾಲು ಬಂತೇ ಲೈಲ್?

ನನಗೆ ಒಂದು ಉಸಿರಿನಷ್ಟು ಹೊತ್ತು ಬಹಳ ಸಿಟ್ಟು ಬಂತು. ನನ್ನ ಕೊನೆಯ ಗಂಡು ಅಲ್ಲಿ ನಿಂತಿದ್ದಾನೆ, ಇವನು ಸುಳ್ಳು ಹೇಳುತ್ತಿದ್ದಾನೆ ಎಂದು. ಬೆರಳು ಕುದುರೆಯ ಮೇಲೇ ಇತ್ತು. ತಿರುಗಿ ನಿನ್ನ ಮುಖ ನೋಡಿದೆ. ನೀನು ಯಂತ್ರವನ್ನು ಎದೆಗೆ ಒತ್ತಿ ಹಿಡಿದುಕೊಂಡಿದ್ದೆ, ಅಂಕಿ ನನಗೆ ಕಾಣಬಾರದೆಂದು. ನನಗೆ ಹೇಗೂ ಕಾಣುವುದಿಲ್ಲ ಎಂದು ನೀನು ಮರೆತಿದ್ದೆ. ಸೂರ್ಯ ಆಗಲೇ ಬೆಟ್ಟದ ಹಿಂದೆ ಹೋಗಿದ್ದ. ನಾನು ಹೊಡೆದಿದ್ದರೆ ಕೊಟ್ಟ ಮಾತಿಗೆ ನೀನು ಹೋಗಿಯೇ ಹೋಗುತ್ತಿದ್ದೆ, ಆ ಕತ್ತಲಲ್ಲಿ, ಒಬ್ಬನೇ, ತೊರೆಯ ಆಚೆಗೆ. ಅಲ್ಲಿಂದ ನೀನು ಕೂಗಿಕೊಂಡರೂ ನನಗೆ ಕೇಳಿಸುತ್ತಿರಲಿಲ್ಲ.

ನೀನು ಕರಡಿಗೆ ಹೆದರಿದೆಯೋ, ಆ ಹಳೆಯ ಗಂಡು ನೆನಪಾದನೋ, ಇನ್ನೇನೋ, ನಾನು ಕೇಳುವುದಿಲ್ಲ. ಕೋವಿಯ ಸೇಫ್ಟಿ ಹಾಕಿ ಪಕ್ಕಕ್ಕಿಟ್ಟೆ. "ದೂರಾನೇ ಬಿಡು" ಅಂದೆ. ಬೆಳಿಗ್ಗೆ ಅವನು ನೀರಿಗೆ ಈಚೆ ಬಂದ, ಅದು ನಮ್ಮ ಪುಣ್ಯ. ಬಾರದೇ ಇದ್ದಿದ್ದರೂ, ಖಾಲಿ ಪರ್ಮಿಟ್ ಹಿಡಿದುಕೊಂಡು ಮನೆಗೆ ಬಂದಿದ್ದರೂ, ನಾನು ಬಾಯಿ ಬಿಡುತ್ತಿರಲಿಲ್ಲ. ಅವತ್ತು ನಾನು ನಿನ್ನನ್ನು ಎಷ್ಟು ಪ್ರೀತಿಸಿದೆನೆಂದರೆ, ಅಷ್ಟನ್ನು ಈ ಜನ್ಮದಲ್ಲಿ ಬಾಯಲ್ಲಿ ಹೇಳಲಾರೆ. ಅದಕ್ಕೇ ಕಾಗದದಲ್ಲಿ ಹೇಳುತ್ತಿದ್ದೇನೆ.

ಹೊಸ ಮೊಣಕಾಲು ಬಂದ ಮೇಲೆ ಏನಾಗುತ್ತದೋ ನೋಡೋಣ. ಗಂಡಿನ ಪರ್ಮಿಟ್ ಇನ್ನು ಸಿಗುವುದಿಲ್ಲ, ಹೆಣ್ಣು ಎಲ್ಕಿನದು ಸಿಕ್ಕರೂ ಸಿಕ್ಕೀತು. ಏನೂ ಸಿಗದಿದ್ದರೆ ಥರ್ಮಾಸ್ ಹಿಡಿದುಕೊಂಡು ಬಂಡೆಯ ಮೇಲೆ ಕೂರೋಣ. ಬರುವ ಅಕ್ಟೋಬರಿಗೆ ಮಂಚದ ಕಾಲು ಸರಿ ಮಾಡಿಸಿಡುತ್ತೇನೆ. ಮ್ಯಾಗ್ನಮ್ ನಿನ್ನ ಹತ್ತಿರವೇ ಇರಲಿ, ನನಗೆ ಅಪ್ಪನದು ಸಾಕು.

ಆ ದೂರ ಅಳೆಯುವ ಯಂತ್ರವನ್ನು ಮಾತ್ರ ಮರೆಯದೆ ತಾ. ರಿಪೇರಿ ಮಾಡಿಸಬೇಡ.

ನಿನ್ನ ಅಕ್ಕ,
ಆರ್ಡಿ